ಸಬ್‌ಮರೀನ್ ಗೇಮ್‌ನಲ್ಲಿ ಸಿಬ್ಬಂದಿಯ ದಣಿವನ್ನು ಮಾಡ್ (ಗೇಮಿನ ನಿಯಮ ಬದಲಿಸುವ ಫೈಲ್) ಹಾಕಿ ತೆಗೆದರೆ ರಿಯಲಿಸಂ ಹೋಗುತ್ತಾ?

ಧಾರಾಳವಾಗಿ ತೆಗೆಯಿರಿ. 'ಸೈಲೆಂಟ್ ಹಂಟರ್ 3' ಆಡುವಾಗ ಎಂಜಿನ್ ರೂಮಿನವರನ್ನು ಒಬ್ಬೊಬ್ಬರಾಗಿ ಎಳೆದು ಮಲಗಿಸಿ, ಮತ್ತೆ ಎಬ್ಬಿಸಿ ಸಾಕಾಗಿದೆ ಅಂತ ಬರೆದಿದ್ದೀರಿ. ನಿಜವಾದ ಕ್ಯಾಪ್ಟನ್ ಆ ಕೆಲಸ ಮಾಡುತ್ತಲೇ ಇರಲಿಲ್ಲ.

ನಾನು ಸೇಡಂ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿದ್ದೇನೆ. ಎ, ಬಿ, ಸಿ ಅಂತ ಮೂರು ಶಿಫ್ಟ್. ಕಿಲ್ನ್, ಅಂದರೆ ಸಿಮೆಂಟಿನ ಕಲ್ಲು ಸುಡುವ ಕುಲುಮೆ, 24 ಗಂಟೆಯೂ ಉರಿಯುತ್ತಲೇ ಇರಬೇಕು. ಹಾಗಂತ ಯಾರು ಯಾವಾಗ ಮನೆಗೆ ಹೋಗಬೇಕು ಅಂತ ಪ್ಲಾಂಟಿನ ದೊಡ್ಡ ಸಾಹೇಬರು ಬಂದು ಹೇಳುವುದಿಲ್ಲ. ಶಿಫ್ಟ್ ಚಾರ್ಟ್ ಮೊದಲೇ ಗೋಡೆಯ ಮೇಲಿರುತ್ತದೆ.

ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್‌ಗಳಲ್ಲೂ, ಅಂದರೆ ಯು-ಬೋಟುಗಳಲ್ಲೂ, ಹೀಗೇ ಇತ್ತು. 7ಸಿ ಮಾದರಿಯ ಬೋಟು ಸುಮಾರು 67 ಮೀಟರ್ ಉದ್ದ. ಒಳಗೆ 44ರಿಂದ 52 ಜನ. ಮೇಲೆ ನಿಂತು ಕಡಲು ನೋಡುವವರಿಗೆ 4 ಗಂಟೆಯ ಪಾಳಿ, ಎಂಜಿನ್‌ನವರಿಗೆ 6 ಗಂಟೆಯದು. ಒಬ್ಬ ಎದ್ದು ಹೋದ ಹಾಸಿಗೆ ಆರುವ ಮೊದಲೇ ಇನ್ನೊಬ್ಬ ಬಂದು ಮಲಗುತ್ತಿದ್ದ. ಎಂಜಿನ್ ಕಡೆಯದನ್ನು ಚೀಫ್ ಎಂಜಿನಿಯರ್ ನೋಡಿಕೊಳ್ಳುತ್ತಿದ್ದ. ಕ್ಯಾಪ್ಟನ್‌ಗೆ ಪಾಳಿಯೇ ಇರಲಿಲ್ಲ. ಹಡಗೋ ವಿಮಾನವೋ ಕಂಡರೆ ಅವನನ್ನು ಕರೆಯುತ್ತಿದ್ದರು. 2007ರ 'ಸೈಲೆಂಟ್ ಹಂಟರ್ 4'ರಲ್ಲಿ ಪಾಳಿ ತಾನಾಗಿ ಬದಲಾಗುತ್ತದಲ್ವಾ, ಅದೇ ಹೆಚ್ಚು ನಿಜ.

ಆದರೆ ದಣಿವೇ ಬೇಡ ಅಂತ ನಾನು ಹೇಳುವುದಿಲ್ಲ. ಒಂದು ಬೇಸಿಗೆಯಲ್ಲಿ ನನ್ನ ರಿಲೀವರ್ ಬರಲಿಲ್ಲ. ಬಿ ಶಿಫ್ಟ್ ಮುಗಿಸಿದವನೇ ಸಿ ಶಿಫ್ಟಿಗೂ ಕೂತೆ. ಬೆಳಗಿನ ಜಾವ ನಾಲ್ಕಕ್ಕೆ ಸ್ಕ್ರೀನಿನಲ್ಲಿ ಒಂದು ಅಂಕಿ ನೋಡಿ ಲಾಗ್ ಬುಕ್ಕಿನಲ್ಲಿ ಇನ್ನೊಂದು ಬರೆದೆ. ಪೂರ್ತಿ ಎಚ್ಚರವಾಗಿದ್ದೇನೆ ಅಂತಲೇ ಆಗ ಅನಿಸಿತ್ತು. ಬೆಳಿಗ್ಗೆ ಬಂದವರು ತೋರಿಸಿದಾಗ ಎದೆ ಧಸಕ್ಕೆಂದಿತು.

ಗೇಮಿನಲ್ಲಿ ಇದು ಬೇರೆ ಥರ. ಸಿಬ್ಬಂದಿಯ ಶಕ್ತಿ ತೋರಿಸುವ ಬಾರ್ ಇಳಿಯುತ್ತದೆ, ಆಮೇಲೆ ಆ ವಿಭಾಗದ ಕೆಲಸವೇ ನಿಲ್ಲುತ್ತದೆ. ದಣಿದ ಮನುಷ್ಯ ಕೆಲಸ ನಿಲ್ಲಿಸುವುದಿಲ್ಲ, ತಪ್ಪು ಮಾಡುತ್ತಾನೆ. ಹೈಡ್ರೋಫೋನ್‌ನಲ್ಲಿ (ನೀರಿನೊಳಗಿನ ಸದ್ದು ಹಿಡಿಯುವ ಸಾಧನ) ಹಡಗಿನ ಸದ್ದು ಕೇಳುವವನು ಹತ್ತು ಡಿಗ್ರಿ ತಪ್ಪಾದ ದಿಕ್ಕನ್ನು ಅದೇ ಗಟ್ಟಿ ದನಿಯಲ್ಲಿ ಹೇಳಬೇಕು. ಮೇಲೆ ನಿಂತವನಿಗೆ ವಿಮಾನ ಸ್ವಲ್ಪ ತಡವಾಗಿ ಕಾಣಬೇಕು. ನಂಬಬೇಕೋ ಬೇಡವೋ ಅನ್ನುವುದೇ ಕ್ಯಾಪ್ಟನ್‌ನ ತಲೆನೋವು. ಆಡಲು ಮಜಾ ಇರುವುದೂ ಅಲ್ಲೇ.

ಇನ್ನೊಂದು. ಟಾರ್ಪಿಡೊ ತುಂಬುವ ಸಮಯವನ್ನು ಮಾತ್ರ ಕಡಿಮೆ ಮಾಡಬೇಡಿ. ಒಂದೊಂದು ಟಾರ್ಪಿಡೊ ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತಿತ್ತು. ಮುಂದಿನ ಟಾರ್ಪಿಡೊ ಕೋಣೆಯೇ ನಾವಿಕರು ಮಲಗುವ ಜಾಗವೂ ಆಗಿತ್ತು. ತುಂಬಬೇಕೆಂದರೆ ಹಾಸಿಗೆ ಎತ್ತಬೇಕು, ಮಲಗಿದ್ದವರೆಲ್ಲ ಏಳಬೇಕು. ಈಗಲೇ ತುಂಬಿಸಲೋ, ಹುಡುಗರು ಎರಡು ಗಂಟೆ ಮಲಗಲಿ ಅಂತ ಬಿಡಲೋ? ಇದು ಕ್ಯಾಪ್ಟನ್ನೇ ಮಾಡಬೇಕಾದ ತೀರ್ಮಾನ.

ಒಬ್ಬರೇ ಆಡುವುದಾದರೆ 'ಯುಬೋಟ್' ಅನ್ನುವ ಗೇಮ್ ನೋಡಿ. 2024ರಲ್ಲಿ ಪೂರ್ತಿ ಆವೃತ್ತಿ ಬಂತು. ಅಲ್ಲಿ ನೀವು ಅಧಿಕಾರಿಗಳಿಗೆ ಕೆಲಸ ಹಚ್ಚಿದರೆ ಆಯಿತು. ಗೆಳೆಯರಿದ್ದರೆ 'ವುಲ್ಫ್‌ಪ್ಯಾಕ್' ಆಡಿ. ಒಂದೊಂದು ಜಾಗದಲ್ಲಿ ಒಬ್ಬೊಬ್ಬ ನಿಜವಾದ ಮನುಷ್ಯ ಕೂರುತ್ತಾನೆ. ವಾರದ ರಜೆಯ ರಾತ್ರಿ ನಾವು ಮೂವರು ಕೂರುತ್ತೇವೆ. ಹೈಡ್ರೋಫೋನ್ ಹಿಡಿಯುವವನು ಕಲಬುರಗಿಯ ಗೆಳೆಯ, ಬೆಳಿಗ್ಗೆ ಐದಕ್ಕೇ ಎದ್ದು ಅಂಗಡಿ ತೆಗೆಯುವವನು. ರಾತ್ರಿ ಒಂದು ದಾಟಿದ ಮೇಲೆ ಅವನು ಹೇಳಿದ ದಿಕ್ಕನ್ನು ಇನ್ನೊಮ್ಮೆ ಕೇಳಿಯೇ ನಾನು ಬೋಟು ತಿರುಗಿಸುವುದು.