ಬೆಟ್ಟ ‘ಬೂನ್‌ಡಾಕ್ಸ್’ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಫೋನಿನಲ್ಲಿ, ತನ್ನ ಗೆಳತಿ ‘ಬೂನ್‌ಡಾಕ್ಸ್‌’ನಲ್ಲಿ ಮನೆ ಮಾಡಿದ್ದಾಳೆ ಅಂದಳು. ಪೇಟೆಯಿಂದ ದೂರದ ಮೂಲೆ ಹಳ್ಳಿ ಅಂತ ಅರ್ಥವಂತೆ. ಈ ಪದ ಎಲ್ಲಿಂದ ಬಂತು? ಇಂಥವು ನಮ್ಮಲ್ಲೂ ಇವೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಪದ ಹುಟ್ಟಿದ್ದು ಫಿಲಿಪ್ಪೀನ್ಸ್‌ನಲ್ಲಿ. ಅಲ್ಲಿನ ಟಗಾಲೊಗ್ ಭಾಷೆಯಲ್ಲಿ ‘ಬುಂದೋಕ್’ ಅಂದರೆ ಬೆಟ್ಟ, ಅಷ್ಟೇ. ಅದರಲ್ಲಿ ಹೀಯಾಳಿಕೆ ಏನೂ ಇಲ್ಲ.

1898ರಲ್ಲಿ ಸ್ಪೇನ್ ಆ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಸ್ವಾತಂತ್ರ್ಯ ಸಾರಿಕೊಂಡಿದ್ದ ಜನ ಸುಮ್ಮನಿರುತ್ತಾರಾ? 1899ರ ಫೆಬ್ರುವರಿಯಲ್ಲಿ ಯುದ್ಧ ಶುರುವಾಯಿತು. ಬಯಲಿನಲ್ಲಿ ಎದುರು ನಿಂತು ಗೆಲ್ಲೋದು ಆಗದು ಅಂತ ಕಂಡಾಗ ಫಿಲಿಪ್ಪೀನ್ಸ್‌ನವರ ನಾಯಕ ಎಮಿಲಿಯೊ ಅಗಿನಾಲ್ಡೊ ಅವರ ಪಡೆ ಆ ವರ್ಷದ ಕೊನೆಗೆ ಗೆರಿಲ್ಲಾ ಯುದ್ಧಕ್ಕೆ ಇಳಿಯಿತು. ಅವರಿಗೆ ಬೆಟ್ಟವೇ ಆಸರೆ. ಬೆನ್ನಟ್ಟಿ ಹೋದ ಅಮೆರಿಕದ ಸೈನಿಕರಿಗೋ ಅದು ದಾರಿ ಗೊತ್ತಿಲ್ಲದ, ಯಾವ ಮರೆಯಿಂದ ಗುಂಡು ಬರುತ್ತದೋ ತಿಳಿಯದ ಜಾಗ. ಪದ ಅವರ ಬಾಯಿಗೆ ಬಿದ್ದದ್ದು ಆ ಭಯದ ಜೊತೆಗೇ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಮರೀನ್ ಪಡೆಯವರ ಬೂಟಿಗೂ ‘ಬೂನ್‌ಡಾಕರ್’ ಅನ್ನೋ ಹೆಸರು ಬಂದಿತ್ತು. ವಿಯೆಟ್ನಾಂ ಯುದ್ಧದ ಕಾಲಕ್ಕೆ ‘ಬೂನ್‌ಡಾಕ್ಸ್’ ಪದ ‘ಬೂನೀಸ್’ ಅಂತ ಚಿಕ್ಕದಾಯಿತು.

ಫಿಲಿಪ್ಪೀನ್ಸ್‌ನಲ್ಲಿ ಇವತ್ತಿಗೂ ‘ನಮುಂದೋಕ್’ ಅಂದರೆ ಬೆಟ್ಟಕ್ಕೆ ಹೋದ, ಬಂಡಾಯ ಸೇರಿದ ಅಂತ ಅರ್ಥ. ಆದರೆ ‘ತಗಾ ಬುಂದೋಕ್’, ಅಂದರೆ ಬೆಟ್ಟದವನು ಅನ್ನೋದನ್ನ ಅಲ್ಲಿನವರೇ ‘ನಾಗರಿಕತೆ ಗೊತ್ತಿಲ್ಲದವನು’ ಅಂತ ಹೀಯಾಳಿಸೋಕೂ ಬಳಸುತ್ತಾರೆ. ಹೊರಗಿನವರ ತಾತ್ಸಾರಕ್ಕಿಂತ ನನಗೆ ಜಾಸ್ತಿ ನೋವಾಗುವುದು ಇದರಿಂದ.

ಸಿಂಗಪುರದ ‘ಉಲು’ ಕೂಡ ಇಂಥದ್ದೇ. ಮಲಯ ಭಾಷೆಯಲ್ಲಿ ಅದು ನದಿಯ ಮೇಲ್ದಂಡೆ, ನದಿ ಹುಟ್ಟುವ ಕಡೆ. ಪೇಟೆಗಳು ಬೆಳೆದದ್ದು ಸಮುದ್ರದ ಹತ್ತಿರ. ಹಾಗಾಗಿ ನದಿಯ ಮೇಲಿನ ಊರು ದೂರದ ಊರಾಯಿತು. ಈಗ ಬಸ್ಸು ಕಡಿಮೆ ಇರುವ ಬಡಾವಣೆಗೂ ‘ಉಲು’ ಅನ್ನುತ್ತಾರೆ.

ನಮ್ಮಲ್ಲಿ ‘ಮೊಫಸಲ್’ ಇದೆ, ಅಂದರೆ ದೊಡ್ಡ ನಗರದ ಹೊರಗಿನ ಊರುಗಳು; ಪದ ಅರಬಿ ಮೂಲದ್ದು. ಕಂಪನಿ ಸರ್ಕಾರ ಮುಖ್ಯ ನಗರದ ‘ಸದರ್’ ಕೋರ್ಟಿಗೂ ಜಿಲ್ಲೆಗಳ ‘ಮೊಫಸಲ್’ ಕೋರ್ಟಿಗೂ ಗೆರೆ ಎಳೆದಿತ್ತು. ಆ ಪದದಲ್ಲಿ ತಾತ್ಸಾರ ಕಡಿಮೆ. ಚೆನ್ನೈನ ಕೊಯಂಬೇಡಿನ ದೊಡ್ಡ ಬಸ್ ನಿಲ್ದಾಣ 2002ರಲ್ಲಿ ಶುರುವಾದಾಗ ಅದರ ಹೆಸರಲ್ಲೇ ‘ಮೊಫಸಲ್’ ಇತ್ತು. ‘ಕೊಂಪೆ’ ಹಾಗಲ್ಲ. ಅದು ಬರೀ ಗುಡಿಸಲು, ಸಣ್ಣ ಹಳ್ಳಿ. ಈಗ ಮುಂದೆ ‘ಹಾಳು’ ಸೇರಿಸದೆ ಆ ಪದವನ್ನು ಆಡುವವರೇ ಕಡಿಮೆ.