ಎಣ್ಣೆಯೇ ಮುಗಿಯದ ಲಾಟೀನು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ರೂಮಿನ ಲೈಟ್ ಆರಿಸಿ "ಅಮ್ನೀಷಿಯಾ: ದಿ ಡಾರ್ಕ್ ಡಿಸೆಂಟ್" ಅನ್ನುವ ಹೆದರಿಸುವ ಕಂಪ್ಯೂಟರ್ ಗೇಮ್ ಆಡಿದ್ದೆ. ಆಮೇಲೆ ವಾರಗಟ್ಟಲೆ ರಾತ್ರಿ ಬಾತ್‌ರೂಮಿಗೆ ಹೋಗಬೇಕಾದರೆ ಪಕ್ಕದ ಮಂಚದ ಗೆಳೆಯನನ್ನು ಎಬ್ಬಿಸುತ್ತಿದ್ದೆ. ಮೊನ್ನೆ ಅದರ ಮುಂದಿನ ಭಾಗ "ಎ ಮಷೀನ್ ಫಾರ್ ಪಿಗ್ಸ್" ಸೇಲ್‌ನಲ್ಲಿ ಸಿಕ್ಕಿತು, ಕೊಂಡೆ. ಎರಡು ಗಂಟೆ ಆಡಿ ಬಿಟ್ಟೆ. ಹೆದರಿಕೆಯೇ ಆಗಲಿಲ್ಲ. ಸುಮ್ನೆ ನಡೆಯುವುದು, ಕಾಗದ ಓದುವುದು, ಮತ್ತೆ ನಡೆಯುವುದು. ಅದೇ ಗೆಳೆಯ ಯೂಟ್ಯೂಬಿನಲ್ಲಿ ಇದನ್ನು ಪೂರ್ತಿ ನೋಡಿದ್ದಾನೆ. ಕಥೆ ಅದ್ಭುತ, ನಿನಗೆ ಸಾಹಿತ್ಯದ ರುಚಿ ಇಲ್ಲ ಅನ್ನುತ್ತಾನೆ. ಬರೀ ಗೇಮ್ ವಿಷಯಕ್ಕೆ ನಿಮ್ಮ ಸಮಯ ತೆಗೆದುಕೊಂಡೆ, ಕ್ಷಮಿಸಿ. ತಪ್ಪು ನನ್ನದೋ, ಗೇಮಿನದೋ?'

ಮೊದಲು ಆ ಕ್ಷಮೆಯನ್ನು ವಾಪಸ್ ತಗೊಳ್ಳಿ. ಎರಡು ಪುಟದ ಪತ್ರ ಬರೆದು ಕೊನೆಗೆ 'ಬರೀ ಗೇಮ್' ಅಂದುಬಿಟ್ಟರೆ ಹೇಗೆ? ವಾರಗಟ್ಟಲೆ ನಿದ್ದೆ ಕೆಡಿಸಿದ್ದನ್ನು ಬರೀ ಅನ್ನಬಾರದು. ನಮಗೆ ಬರುವ ಪತ್ರಗಳಲ್ಲಿ ಕಾದಂಬರಿಗಳ ಬಗ್ಗೆ ಬರೆಯುವವರು ಬಹಳ ಜನ. ಆದರೆ ಓದಿದ್ದು ತಮ್ಮ ಮೈಮೇಲೆ ಏನು ಮಾಡಿತು ಅಂತ ನಿಮ್ಮ ಹಾಗೆ ಬಿಚ್ಚಿ ಹೇಳುವವರು ಅಪರೂಪ.

ತಪ್ಪು ನಿಮ್ಮದಲ್ಲ. ನಿಮ್ಮ ಪತ್ರದ ಒಂದು ಸಾಲಿನ ಕೆಳಗೆ ಗೆರೆ ಎಳೆದಿಟ್ಟುಕೊಂಡಿದ್ದೇನೆ: 'ಈ ಲಾಟೀನಿನಲ್ಲಿ ಎಣ್ಣೆಯೇ ಮುಗಿಯುವುದಿಲ್ಲ.' ಉತ್ತರ ಆ ಸಾಲಿನಲ್ಲೇ ಇದೆ.

ಈ ಗೇಮುಗಳನ್ನು ಕಾಣದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಎರಡರ ಗುಟ್ಟೂ ಮುಂದೆ ಬರುತ್ತದೆ, ಆಡುವ ಮನಸ್ಸಿರುವವರು ಇಲ್ಲಿಗೇ ಪುಟ ಮಡಚಿಡಿ. ಮೊದಲನೆಯದು 2010ರ ಸೆಪ್ಟೆಂಬರಿನಲ್ಲಿ ಬಂತು. ಮಾಡಿದ್ದು ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಅನ್ನುವ ಪುಟ್ಟ ತಂಡ. 1839ನೇ ಇಸವಿ, ಪ್ರಷ್ಯಾದ ಒಂದು ಕೋಟೆ. ಡೇನಿಯಲ್ ಅನ್ನುವವನು ಅಲ್ಲಿ ಎಚ್ಚರಗೊಳ್ಳುತ್ತಾನೆ. ಅವನಿಗೆ ಏನೂ ನೆನಪಿಲ್ಲ. ತಾನೇ ತನಗೆ ಬರೆದುಕೊಂಡ ಒಂದು ಕಾಗದ ಸಿಗುತ್ತದೆ: ನೆನಪು ಅಳಿಸುವ ಔಷಧಿ ಕುಡಿದದ್ದು ನಾನೇ, ಕೆಳಗೆ ಹೋಗಿ ಕೋಟೆಯ ಒಡೆಯ ಅಲೆಕ್ಸಾಂಡರನನ್ನು ಕೊಲ್ಲು ಅಂತ. ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಒಂದು ಲಾಟೀನು, ಅದಕ್ಕೆ ಅಷ್ಟಿಷ್ಟು ಎಣ್ಣೆ, ಗೋಡೆಯ ದೀಪ ಹೊತ್ತಿಸಲು ಕೆಲವು ಟಿಂಡರ್‌ಬಾಕ್ಸ್‌ಗಳು. ಕತ್ತಲಲ್ಲಿ ನಿಂತರೆ ಅವನ ಬುದ್ಧಿಯ ಸ್ಥಿಮಿತ ತಪ್ಪುತ್ತದೆ. ದೀಪ ಹಚ್ಚಿದರೆ ಓಡಾಡುವ ಜಂತುಗಳಿಗೆ ಕಾಣುತ್ತಾನೆ. ಆ ಜಂತುವನ್ನು ದಿಟ್ಟಿಸಿ ನೋಡಿದರೂ ಸ್ಥಿಮಿತ ಕೆಡುತ್ತದೆ. ಹಾಗಾಗಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಅದರ ಹೆಜ್ಜೆ ದೂರ ಆಗುವುದನ್ನೇ ಕೇಳಿಸಿಕೊಳ್ಳುತ್ತಾ ಕೂರಬೇಕು.

ನನಗೆ ಇದನ್ನು ಆಡಿಸಿದವನು ಅಕ್ಕನ ಮಗ. ಮಳೆಗಾಲದ ಒಂದು ರಾತ್ರಿ ಅವನ ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ. ನೀರು ತುಂಬಿದ ನೆಲಮಾಳಿಗೆಯ ಜಾಗ ನಿಮಗೆ ಮರೆತಿರಲಿಕ್ಕಿಲ್ಲ. ಅಲ್ಲಿರುವುದು ಕಣ್ಣಿಗೆ ಕಾಣದು. ನೀರಿನ ಮೇಲೆ ಹೆಜ್ಜೆ ಬಿದ್ದು ಚಿಮ್ಮುವುದಷ್ಟೇ ಕಾಣುತ್ತದೆ, ಚಪ್ ಚಪ್ ಅಂತ ಸದ್ದು ಕೇಳುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರಬೇಕು. ಒಂದು ಮಾಂಸದ ತುಂಡು ದೂರ ಎಸೆದು, ಅದು ಅತ್ತ ಹೋದ ಹೊತ್ತಿಗೆ ಇಳಿದು ಓಡಬೇಕು. ಬಾಗಿಲಿಗೆ ಬಂದರೆ ಬರೀ ಗುಂಡಿ ಒತ್ತಿದರೆ ಆಗದು. ಮೌಸಿನಲ್ಲಿ ಬಾಗಿಲು ಹಿಡಿದು, ಕೈಯನ್ನೇ ಎಳೆಯಬೇಕು. ಅವಸರದಲ್ಲಿ ನಾನು ಎಳೆಯುವ ಬದಲು ತಳ್ಳಿದೆ. ಹಿಂದೆ ಚಪ್ ಚಪ್ ಹತ್ತಿರ ಬಂತು. 'ಮಾವ, ಉಸಿರು ಬಿಡಿ' ಅಂದ ಹುಡುಗ. ಉಸಿರು ಹಿಡಿದದ್ದು ನನಗೆ ಗೊತ್ತೇ ಇರಲಿಲ್ಲ.

ಅವತ್ತು ನನಗೆ ನೆನಪಾದದ್ದು ಊರಿನ ಕೊಟ್ಟಿಗೆ. ನಮ್ಮ ಮನೆಗೆ ಕರೆಂಟ್ ಬರುವ ಮುಂಚಿನ ಮಾತು. ಲಾಟೀನಿನ ಗಾಜು ಒರೆಸುವುದು ಮಕ್ಕಳ ಕೆಲಸ, ಯಾಕೆಂದರೆ ಆ ಗಾಜಿನೊಳಗೆ ಹೋಗುವುದು ಮಕ್ಕಳ ಕೈ ಮಾತ್ರ. ಬೂದಿ ಹಚ್ಚಿ, ಹಳೇ ಬಟ್ಟೆಯಲ್ಲಿ ತಿಕ್ಕಿ, ಮಸಿ ತೆಗೆಯುತ್ತಿದ್ದೆವು. ರಾತ್ರಿ ಕರು ಕಿರುಚಿದರೆ ಅಜ್ಜಿ ನನ್ನನ್ನೇ ಕಳಿಸುತ್ತಿದ್ದಳು. ಕಳಿಸುವಾಗ ಎರಡೇ ಮಾತು: 'ಬತ್ತಿ ಇಳಿಸ್ಕೊಂಡು ಹೋಗು, ಎಣ್ಣೆ ರೇಷನ್ನಿಂದು.' ಬತ್ತಿ ಇಳಿಸಿದರೆ ಬೆಳಕು ಅಂಗಳದ ಅರ್ಧಕ್ಕೂ ಬೀಳದು. ಏರಿಸಿದರೆ ಮನೆಗೆ ವಾಪಸ್ ಬಂದ ಮೇಲೆ ಅಜ್ಜಿ ಎಣ್ಣೆಯ ಮಟ್ಟ ನೋಡುತ್ತಾಳೆ. ಕೊಟ್ಟಿಗೆವರೆಗೆ ಏರಿಸಲೋ ಇಳಿಸಲೋ ಅಂತ ಬೆರಳು ಆ ಸಣ್ಣ ತಿರುಪಿನ ಮೇಲೇ ಇರುತ್ತಿತ್ತು. ಭಯ ಇದ್ದದ್ದು ಅಜ್ಜಿಯ ಕಥೆಗಳ ಆ ಹಲಸಿನ ಮರದ ಹತ್ತಿರ ಅಲ್ಲ, ಆ ಬೆರಳಲ್ಲಿ. ಮುಂದೆ ಕೊಟ್ಟಿಗೆಗೆ ಬಲ್ಬ್ ಬಂತು. ಮರ ಅಲ್ಲೇ ಇತ್ತು, ಅಜ್ಜಿ ಹೇಳುತ್ತಿದ್ದ ಕಥೆಗಳೂ ಇದ್ದವು. ಹೆದರಿಕೆ ಮಾತ್ರ ಹೋಯಿತು.

ಈಗ ಎರಡನೆಯದಕ್ಕೆ ಬನ್ನಿ. 2013ರಲ್ಲಿ ಬಂತು. ಇದನ್ನು ಮಾಡಿದ್ದು ಇಂಗ್ಲೆಂಡಿನ ದಿ ಚೈನೀಸ್ ರೂಮ್ ಅನ್ನುವ ಬೇರೆ ತಂಡ, ಫ್ರಿಕ್ಷನಲ್‌ನವರು ಜೊತೆಗಿದ್ದು ಹೊರತಂದರು. ಖಾಲಿ ದ್ವೀಪವೊಂದರಲ್ಲಿ ನಡೆಯುತ್ತಾ ಒಂದು ದನಿಯನ್ನು ಕೇಳಿಸಿಕೊಳ್ಳುವ ಗೇಮ್ ಮಾಡಿ ಹೆಸರಾದವರು ಅವರು. 1899ರ ಕೊನೆಯ ರಾತ್ರಿ, ಲಂಡನ್. ಓಸ್ವಾಲ್ಡ್ ಮ್ಯಾಂಡಸ್ ಅನ್ನುವ ಮಾಂಸದ ಕಾರ್ಖಾನೆಯ ಮಾಲೀಕ ತನ್ನ ಇಬ್ಬರು ಗಂಡುಮಕ್ಕಳನ್ನು ಹುಡುಕಿಕೊಂಡು ಕಾರ್ಖಾನೆಯ ಅಡಿಗೆ ಇಳಿಯುತ್ತಾನೆ. ಇವನಿಗೂ ನೆನಪಿಲ್ಲ. ಎಣ್ಣೆ ಹೋಯಿತು, ಕೈಯಲ್ಲಿ ಕರೆಂಟಿನ ಲಾಟೀನು, ಎಷ್ಟು ಹೊತ್ತಾದರೂ ಉರಿಯುತ್ತದೆ. ಸ್ಥಿಮಿತ ತಪ್ಪುವುದು ಹೋಯಿತು. ಸಾಮಾನು ಇಟ್ಟುಕೊಳ್ಳುವ ಚೀಲವೂ ಹೋಯಿತು. ಎತ್ತಿ ನೋಡಲು ಬರುವ ವಸ್ತುಗಳೇ ಕಡಿಮೆ. ಸಾಲದ್ದಕ್ಕೆ ಹಂದಿಮನುಷ್ಯರು ಹತ್ತಿರ ಬಂದಾಗ ದೀಪ ಮಿಣುಕುತ್ತದೆ, ಬಂದರು ನೋಡು ಅಂತ ಮುಂಚೆಯೇ ಹೇಳಿಬಿಡುತ್ತದೆ. ನಿಮ್ಮ ಬೆರಳಿಗೆ ತಿರುಪೇ ಇಲ್ಲ!

ನಿಮ್ಮ ಗೆಳೆಯನ ಪರವಾಗಿಯೂ ಒಂದು ಮಾತು ಹೇಳಬೇಕು. ಜೆಸ್ಸಿಕಾ ಕರಿ ಕೊಟ್ಟ ಸಂಗೀತ ಬಹಳ ಚೆನ್ನಾಗಿದೆ. ಡ್ಯಾನ್ ಪಿಂಚ್‌ಬೆಕ್ ಬರವಣಿಗೆಯಲ್ಲಿ ಕಸುವಿದೆ. ಬರಲಿರುವ ಶತಮಾನದಲ್ಲಿ ಎಷ್ಟು ಹೆಣ ಬೀಳುತ್ತವೆ ಅಂತ ಮ್ಯಾಂಡಸ್ ಕಟ್ಟಿದ ಮಾತಾಡುವ ಯಂತ್ರ ಕೊನೆಯಲ್ಲಿ ಗೋಗರೆಯುವ ಮಾತು ಕೇಳಿ ನನಗೂ ಮೈ ಜುಮ್ಮೆಂದಿತು. ಒಪ್ಪಿದೆ.

ಆದರೆ ಅವನು ಅದನ್ನು ನೋಡಿದ್ದಾನೆ, ನೀವು ಆಡಿದ್ದೀರಿ. ವ್ಯತ್ಯಾಸ ಇರುವುದೇ ಇಲ್ಲಿ. ಕೈಗೆ ಕೆಲಸವಿಲ್ಲದ ಗೇಮನ್ನು ಯೂಟ್ಯೂಬಿನಲ್ಲಿ ನೋಡಿದರೆ ಏನೂ ಕಳೆದುಹೋಗುವುದಿಲ್ಲ. ಮೊದಲನೆಯದನ್ನು ಹಾಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕಳೆದುಹೋಗುತ್ತದೆ. ಯೂಟ್ಯೂಬಿನಲ್ಲಿ ಗೇಮ್ ಆಡಿ ತೋರಿಸಿ ಹೆಸರಾದ ಪ್ಯೂಡಿಪೈ ಅದನ್ನು ಆಡುತ್ತಾ ಕಿರುಚಿದ್ದನ್ನು ಲೋಕವೆಲ್ಲ ನೋಡಿ ನಕ್ಕಿತು. ನೋಡುವವರಿಗೆ ನಗು ಬಂತು, ಆಡುವವನಿಗೆ ಬರಲಿಲ್ಲ.

ಕಥೆಯ ಮಾತೂ ಅಷ್ಟೇ. ನಿಮ್ಮ ಗೆಳೆಯ ಕಥೆಯನ್ನೂ ಎಣ್ಣೆಯನ್ನೂ ಬೇರೆ ಬೇರೆ ಅಂದುಕೊಂಡಿದ್ದಾನೆ. ಕೋಟೆಯಲ್ಲಿ ಮನುಷ್ಯರನ್ನು ಹಿಂಸೆ ಮಾಡಿದವನು ತಾನೇ ಅಂತ ಡೇನಿಯಲ್‌ಗೆ ಸ್ವಲ್ಪಸ್ವಲ್ಪವಾಗಿ ತಿಳಿಯುತ್ತದೆ. ಅದು ತಿಳಿಯುವ ಹೊತ್ತಿಗೆ ನೀವು ಅವನಿಗಾಗಿ ಎಷ್ಟು ಎಣ್ಣೆ ಜೋಪಾನ ಮಾಡಿರುತ್ತೀರಿ! ಹನಿ ಹನಿ ಕೂಡಿಸಿ ಕಾಪಾಡಿದ ಜೀವ ಎಂಥವನದು ಅಂತ ಆಗ ಗೊತ್ತಾಗುತ್ತದೆ. ಆ ಸಂಕಟ ಕಾಗದದಲ್ಲಿ ಬರೆದದ್ದಲ್ಲ, ನಿಮ್ಮ ಕೈಯಿಂದ ಆದದ್ದು. ಮ್ಯಾಂಡಸ್‌ಗೆ ನೀವು ಏನನ್ನೂ ಕೂಡಿಸಿಕೊಟ್ಟಿಲ್ಲ. ಅವನ ಹಿಂದೆ ನಡೆದಿದ್ದೀರಿ ಅಷ್ಟೇ. ಮಕ್ಕಳನ್ನು ಕೊಂದವನು ಅವನೇ ಅಂತ ಗೊತ್ತಾದಾಗ 'ಅಯ್ಯೋ' ಅನಿಸಬಹುದು, 'ಅಯ್ಯೋ ನಾನೇ' ಅನಿಸುವುದಿಲ್ಲ. ಅದೂ ಮೊದಲನೆಯದನ್ನು ಆಡಿದವರಿಗೆ ಅರ್ಧ ಗಂಟೆಯಲ್ಲೇ ವಾಸನೆ ಹತ್ತುತ್ತದೆ. ನೆನಪು ಕಳೆದುಕೊಂಡವನೇ ಪಾಪಿ, ಮತ್ತೆ ಅದೇ ಗುಟ್ಟು. ಗುಟ್ಟನ್ನು ಉಳಿಸಿಕೊಂಡರು, ಅದನ್ನು ಹೊರುವ ಲಾಟೀನನ್ನು ಬಿಸಾಕಿದರು.

ಗೇಮಿನಿಂದ ಏನನ್ನೂ ತೆಗೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಫ್ರಿಕ್ಷನಲ್‌ನವರೇ 2007ರಲ್ಲಿ 'ಪೆನಂಬ್ರಾ: ಓವರ್ಚರ್' ಮಾಡಿದಾಗ ಆಡುವವನ ಕೈಗೆ ಸುತ್ತಿಗೆ ಕೊಟ್ಟಿದ್ದರು, ಅದರಲ್ಲಿ ಹೊಡೆದಾಡಬಹುದಿತ್ತು. ಮುಂದಿನ ವರ್ಷದ ಭಾಗದಲ್ಲಿ ಆಯುಧ ಕಿತ್ತುಕೊಂಡರು. ಭಯ ಹೆಚ್ಚಾಯಿತು, ಯಾಕೆಂದರೆ ಸುತ್ತಿಗೆ ಹೋದ ಜಾಗದಲ್ಲಿ ಓಡುವುದು, ಅಡಗುವುದು, ಬಾಗಿಲು ಹಾಕುವುದು ಬಂತು. ಒಂದು ಕೆಲಸ ಹೋಗಿ ಮೂರು ಕೆಲಸ ಬಂತು. 'ಮಷೀನ್'ನಲ್ಲಿ ಎಣ್ಣೆ, ಸ್ಥಿಮಿತ, ಚೀಲ ಮೂರೂ ಹೋದವು, ಬದಲಿಗೆ ಬಂದದ್ದು ಮಾತು.

ಇದು ನನಗೆ ಯಾಕೆ ಇಷ್ಟು ತಾಗುತ್ತದೆ ಅಂದರೆ, ದಿನಾ ಈ ಮೇಜಿನ ಮೇಲೆ ಇದೇ ಜಗಳ. ನಮ್ಮಲ್ಲಿ ಮಾತು ಮೇಲು, ಕೈಕೆಲಸ ಕೀಳು. ಬರವಣಿಗೆಗೂ ಆ ಜಾತಿಭೇದ ಅಂಟಿಕೊಂಡಿದೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಕಥೆ ಕಳಿಸಿದ್ದಳು. ನಡುರಾತ್ರಿ ಬಾವಿಯಿಂದ ನೀರು ಸೇದುವ ಹೆಂಗಸಿನ ಕಥೆ. ಒಂದೂವರೆ ಪುಟ ಬರೀ ಹಗ್ಗ, ರಾಟೆ, ಕೊಡ. ರಾಟೆ ಕಿರ್ ಅಂದರೆ ಒಳಗೆ ಮಲಗಿದ ಗಂಡ ಏಳುತ್ತಾನೆ, ಅದಕ್ಕೇ ಅವಳು ಹಗ್ಗವನ್ನು ಗೇಣು ಗೇಣಾಗಿ ಎಳೆಯುತ್ತಾಳೆ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಆ ಒಂದೂವರೆ ಪುಟಕ್ಕೆ ಅಡ್ಡಗೆರೆ ಹೊಡೆದು, 'ಕಥೆ ಇಲ್ಲಿಂದ ಶುರುವಾಗಲಿ' ಅಂತ ಬರೆದಿದ್ದರು. ನಾನು ಗೆರೆ ಅಳಿಸಿದೆ. ಕಥೆ ಆ ಹಗ್ಗದಲ್ಲೇ ಇತ್ತು. ಅದನ್ನು ಕತ್ತರಿಸಿದ್ದರೆ ಉಳಿಯುತ್ತಿದ್ದದ್ದು ಗಂಡಸರ ಕ್ರೌರ್ಯದ ಬಗ್ಗೆ ಎರಡು ಪ್ಯಾರಾ ಭಾಷಣ.

ಆ ಭಾಷಣಕ್ಕೆ ನಮ್ಮಲ್ಲಿ ಬಹುಮಾನ ಸಿಗುತ್ತದೆ. ಕಥಾಸ್ಪರ್ಧೆಯ ತೀರ್ಪಿಗೆ ಕೂತಾಗ ಪ್ರತಿ ಸಲ ಕೇಳಿಬರುವ ಮೊದಲ ಪ್ರಶ್ನೆ 'ಇದರ ಸಂದೇಶ ಏನು?' ಶಾಲೆಯ ನಾಟಕ ಮುಗಿದ ತಕ್ಷಣ ಮೈಕ್ ಹಿಡಿದವರು ಸಂದೇಶ ಹೇಳುತ್ತಾರೆ, ಮಕ್ಕಳು ಅಲ್ಲಿಯವರೆಗೆ ಕುಣಿದದ್ದೆಲ್ಲ ಸುಮ್ನೆ ಅನ್ನುವ ಹಾಗೆ. 'ಮಷೀನ್' ಸಂದೇಶವನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತದೆ: ಬಡವರನ್ನು ಹಂದಿಗಳ ಹಾಗೆ ಅರೆಯುವ ಕಾರ್ಖಾನೆ, ಅದೇ ಹೊಸ ಶತಮಾನ. ಮಾತು ನಿಜವೇ. ಆದರೆ ನಿಜವಾದ ಮಾತು ಅಂದಕೂಡಲೇ ಅದು ಎದೆಗೆ ಇಳಿಯುವುದಿಲ್ಲ. ನಿಮ್ಮ ಗೆಳೆಯ ಅದನ್ನು ಸಾಹಿತ್ಯದ ರುಚಿ ಅನ್ನುತ್ತಿದ್ದಾನೆ. ಅವನಿಗೆ ಹೇಳಿ, ಸಾಹಿತ್ಯವೂ ಹಗ್ಗ ಎಳೆದೇ ನೀರು ಸೇದುವುದು.

ಮತ್ತೆ ಒಂದು ಸಂಗತಿ ನಿಮಗೆ ಖುಷಿ ಕೊಡಬಹುದು. 2023ರಲ್ಲಿ ಫ್ರಿಕ್ಷನಲ್‌ನವರೇ 'ಅಮ್ನೀಷಿಯಾ: ದಿ ಬಂಕರ್' ತಂದರು. ಮೊದಲ ಮಹಾಯುದ್ಧ, 1916, ನೆಲದಡಿ ಸಿಕ್ಕಿಬಿದ್ದ ಒಬ್ಬ ಫ್ರೆಂಚ್ ಸೈನಿಕ. ಮ್ಯಾಂಡಸ್ ತನ್ನ ಮಕ್ಕಳು ಮುಂದೆ ಈ ಯುದ್ಧದ ಸೊಮ್ ಕಾಳಗದಲ್ಲಿ ಸಾಯುವುದನ್ನು ಮುಂಚೆಯೇ ದರ್ಶನದಲ್ಲಿ ಕಂಡು ಹುಚ್ಚನಾಗಿ, ಅದನ್ನು ತಪ್ಪಿಸಲೆಂದು ತಾನೇ ಅವರನ್ನು ಕೊಂದನಲ್ಲ, ಆ ಕಾಳಗದ ವರ್ಷವೂ ಇದೇ. ಇಲ್ಲಿ ಒಂದು ಜನರೇಟರ್ ಇದೆ. ಅದಕ್ಕೆ ಇಂಧನ ಹುಡುಕಿ ತಂದು ಸುರಿಯಬೇಕು. ಎಷ್ಟು ಹೊತ್ತು ನಡೆಯುತ್ತದೆ ಅಂತ ಜೇಬಿನ ಗಡಿಯಾರ ನೋಡಿಕೊಂಡೇ ಓಡಾಡಬೇಕು. ಕೈಯಲ್ಲಿರುವ ಟಾರ್ಚಿಗೆ ದಾರ ಎಳೆದು ಜೀವ ತುಂಬಬೇಕು. ಎಳೆದರೆ ಗರ್ ಅಂತ ಸದ್ದು, ಆ ಸದ್ದಿಗೆ ಗೋಡೆಯೊಳಗಿನ ಪ್ರಾಣಿ ಕಿವಿ ನಿಮಿರಿಸುತ್ತದೆ. ಎಳೆಯಲೋ ಬೇಡವೋ? ಮತ್ತೆ ಬೆರಳಿಗೆ ಕೆಲಸ ಬಂತು. ಹತ್ತು ವರ್ಷ ಹಿಡಿಯಿತು, ಆದರೂ ಬಂತು.

ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಲೋ ಬೇಡವೋ ಅಂತ ಪತ್ರದ ಅಂಚಿನಲ್ಲಿ ಕೇಳಿದ್ದೀರಿ. ಮುಗಿಸಿ. ಇನ್ನು ಎರಡು ಮೂರು ಗಂಟೆ ಅಷ್ಟೇ, ಆ ಸಂಗೀತಕ್ಕಾದರೂ ಮುಗಿಸಿ. ಆಮೇಲೆ 'ಬಂಕರ್' ಹಾಕಿ, ಗೆಳೆಯನನ್ನು ಕರೆದು ಪಕ್ಕದಲ್ಲಿ ಕೂರಿಸಬೇಡಿ, ಟಾರ್ಚನ್ನು ಅವನ ಕೈಗೇ ಕೊಡಿ. ಮೊದಲ ಸಲ ದಾರ ಎಳೆಯಬೇಕಾಗಿ ಬಂದಾಗ ಎಷ್ಟು ಹೊತ್ತು ಕತ್ತಲಲ್ಲೇ ನಿಂತಿದ್ದ ಅಂತ ನನಗೆ ಬರೆದು ತಿಳಿಸಿ.