ನಗು ಯಾರ ಮೇಲೆ ಬಿತ್ತು? ವಿಮರ್ಶೆ ಬರೆಯುವವರ ಐದು ಪ್ರಶ್ನೆಗಳು

ಕರಾಳ ಹಾಸ್ಯದ ಸಿನಿಮಾಗಳು ಮತ್ತು ಚರಿತ್ರೆಯನ್ನು ಆಧರಿಸಿದ ಟಿವಿ ಸರಣಿಗಳ ಬಗ್ಗೆ ಬರೆಯುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಪ್ರಶ್ನೆ: ಡಾರ್ಕ್ ಕಾಮಿಡಿ ನೋಡುವಾಗ ಚೆನ್ನಾಗಿ ನಗುತ್ತೇನೆ. ಬರೆಯಲು ಕೂತರೆ ಒಂದೋ ಜೋಕುಗಳನ್ನೆಲ್ಲ ಹೇಳಿ ಮುಗಿಸುತ್ತೇನೆ, ಇಲ್ಲವೇ ‘ನಗಿಸುತ್ತಲೇ ಚಿಂತನೆಗೆ ಹಚ್ಚುತ್ತದೆ’ ಎಂದು ಬರೆದು ನಿಲ್ಲಿಸುತ್ತೇನೆ. ಹೇಗೆ ಬರೆಯಬೇಕು? (ಶಿವಮೊಗ್ಗದ ಓದುಗರು)

ಉತ್ತರ: ‘ನಗಿಸುತ್ತಲೇ ಚಿಂತನೆಗೆ ಹಚ್ಚುತ್ತದೆ’ ಎಂಬ ಸಾಲನ್ನು ಯಾವ ಸಿನಿಮಾಕ್ಕೆ ಬೇಕಾದರೂ ಅಂಟಿಸಬಹುದು. ಹಾಗೆ ಅಂಟಿಸಲು ಬರುವ ಸಾಲನ್ನು ಮೊದಲು ಹೊಡೆದುಹಾಕಿ. ಕರಾಳ ಹಾಸ್ಯ ಎಂದಮೇಲೆ ಸಾವು, ರೋಗ, ಹಿಂಸೆ, ಭಯ ಇದ್ದೇ ಇರುತ್ತವೆ. ಅವುಗಳ ನಡುವೆ ಹುಟ್ಟಿದ ನಗು ಯಾರ ಮೇಲೆ ಬಿತ್ತು ಎಂದು ಹೇಳಿದರೆ ನಿಮ್ಮ ಅರ್ಧ ಕೆಲಸ ಆಯಿತು.

ಸಿನಿಮಾವನ್ನು ಎರಡು ಸಲ ನೋಡಿ. ಮೊದಲ ಸಲ ಏನನ್ನೂ ಬರೆದುಕೊಳ್ಳಬೇಡಿ. ಮುಗಿದ ಅರ್ಧ ಗಂಟೆಯೊಳಗೆ, ನೆನಪಿನಲ್ಲಿ ಉಳಿದ ಐದಾರು ದೃಶ್ಯಗಳನ್ನು ಒಂದೊಂದು ಸಾಲಿನಲ್ಲಿ ಗುರುತು ಹಾಕಿ. ಎರಡನೇ ಸಲ ನೋಡುವಾಗ ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಳ್ಳಿ: ಎಷ್ಟನೇ ನಿಮಿಷ, ಏನಾಯಿತು, ನಗು ಯಾರ ಮೇಲೆ ಬಿತ್ತು. ಒಂದೇ ಸಲ ಥಿಯೇಟರಿನಲ್ಲಿ ನೋಡುವ ಅವಕಾಶವಿದ್ದರೆ ಫೋನ್ ಬೆಳಗಿಸಬೇಡಿ. ಕತ್ತಲಲ್ಲೇ ದೊಡ್ಡ ಅಕ್ಷರದಲ್ಲಿ, ಹಾಳೆಗೊಂದು ಪದದಂತೆ ಗೀಚಿಕೊಂಡು ಮನೆಗೆ ಬಂದು ತುಂಬಿಸಿ. ಮರುದಿನಕ್ಕೆ ಬಿಟ್ಟರೆ ಆ ಪದಗಳು ನಿಮಗೇ ಅರ್ಥವಾಗುವುದಿಲ್ಲ.

ಅರ್ಮಾಂಡೋ ಇಯಾನುಚಿ ನಿರ್ದೇಶನದ 2017ರ ‘ದ ಡೆತ್ ಆಫ್ ಸ್ಟಾಲಿನ್’ ಚಿತ್ರಕ್ಕೆ ಈ ಪಟ್ಟಿ ಹಾಕಿ ನೋಡಿ. 1953ರ ಮಾರ್ಚ್. ಸ್ಟಾಲಿನ್ ಪಾರ್ಶ್ವವಾಯು ಹೊಡೆದು ನೆಲದ ಮೇಲೆ ಬಿದ್ದಿದ್ದಾನೆ. ಸುತ್ತ ನಿಂತ ನಾಯಕರಿಗೆ ವೈದ್ಯರನ್ನು ಕರೆಸುವುದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕರೂ ಒಳ್ಳೆಯ ವೈದ್ಯರು ಊರಲ್ಲಿಲ್ಲ, ವಿಷಪ್ರಾಶನದ ಸಂಚಿನ ಆರೋಪ ಹೊತ್ತು ಸೆರೆಯಲ್ಲಿದ್ದಾರೆ. ವೈದ್ಯರ ಮೇಲಿನ ಆ ಆರೋಪ 1953ರ ಜನವರಿಯಲ್ಲಿ ನಿಜವಾಗಿಯೂ ಪ್ರಕಟವಾಗಿತ್ತು. ಮೂರನೇ ಕಾಲಂನಲ್ಲಿ ‘ರೋಗಿ’ ಎಂದು ಬರೆಯಲಾಗದು, ‘ಭಯ ಹುಟ್ಟಿಸಿ ಈಗ ತಾವೇ ಅದರಲ್ಲಿ ಸಿಕ್ಕಿಕೊಂಡವರು’ ಎಂದು ಬರೆಯಬೇಕಾಗುತ್ತದೆ. ಇನ್ನೊಂದು ದೃಶ್ಯದಲ್ಲಿ ಆ ನಾಯಕರಲ್ಲೊಬ್ಬನಾದ ಮೊಲೊಟೊವ್ ತನ್ನ ಹೆಂಡತಿಯನ್ನು ದೇಶದ್ರೋಹಿ ಎಂದು ಬಯ್ಯುತ್ತಿರುವಾಗಲೇ ಅವಳನ್ನು ಸೆರೆಯಿಂದ ಬಿಡಿಸಿ ಮನೆಗೆ ಕರೆತರುತ್ತಾರೆ. ಆಕೆ 1949ರಲ್ಲಿ ಬಂಧನಕ್ಕೊಳಗಾಗಿ 1953ರಲ್ಲಿ ಬಿಡುಗಡೆಯಾದದ್ದು ಚರಿತ್ರೆ. ಅದೇ ಉಸಿರಿನಲ್ಲಿ ಅವನ ಮಾತು ಹೊರಳುವುದು ಚಿತ್ರದ ಕಸುಬು. ಅಲ್ಲಿ ನಗುವೂ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ.

ಈ ಪಟ್ಟಿಯಲ್ಲಿ ನಮಗೆ ಹೆಚ್ಚು ಬೇಕಾದದ್ದು ಖಾಲಿ ಜಾಗ. ರಹಸ್ಯ ಪೊಲೀಸ್ ಪಡೆಯ ಮುಖ್ಯಸ್ಥ ಬೆರಿಯಾನ ಲೈಂಗಿಕ ದೌರ್ಜನ್ಯ ತೆರೆಯ ಮೇಲೆ ಸುಳಿದಾಗ ಚಿತ್ರ ಆ ಹೆಣ್ಣುಮಕ್ಕಳ ಮೇಲೆ ನಗು ಬೀಳಲು ಬಿಡುವುದಿಲ್ಲ. ನಿರ್ದೇಶಕ ಎಲ್ಲಿ ನಗಿಸಲು ಒಪ್ಪಲಿಲ್ಲ ಎಂದು ಗುರುತಿಸಿದ ವಿಮರ್ಶೆ, ಎಲ್ಲೆಲ್ಲಿ ನಗಿಸಿದ ಎಂದು ಎಣಿಸಿದ ವಿಮರ್ಶೆಗಿಂತ ಆಳಕ್ಕೆ ಹೋಗುತ್ತದೆ.

ಜೋಕು ಕೆಡದ ಹಾಗೆ ಬರೆಯಲು ಎರಡೇ ದೃಶ್ಯ ಆರಿಸಿಕೊಳ್ಳಿ. ಒಂದು ಮೊದಲ ಕಾಲು ಭಾಗದಿಂದ, ಇನ್ನೊಂದು ಮಧ್ಯದಿಂದ. ಸನ್ನಿವೇಶ ಹೇಗೆ ಕಟ್ಟಿಕೊಂಡಿತು ಎಂದು ವಿವರಿಸಿ, ಕೊನೆಯ ಏಟನ್ನು ತೆರೆಗೆ ಬಿಟ್ಟುಬಿಡಿ. ಮಾತನ್ನು ಉದ್ಧರಿಸದೆ ದೃಶ್ಯವನ್ನಷ್ಟೇ ಬರೆದು ಅಭ್ಯಾಸ ಮಾಡಲು ಸಿಂಗೀತಂ ಶ್ರೀನಿವಾಸರಾವ್ ಅವರ 1987ರ ‘ಪುಷ್ಪಕ ವಿಮಾನ’ ತೆಗೆದುಕೊಳ್ಳಿ, ಅದರಲ್ಲಿ ಸಂಭಾಷಣೆಯೇ ಇಲ್ಲ. ರಸ್ತೆ ಬದಿಯ ಭಿಕ್ಷುಕ ಸತ್ತಾಗ ಅವನ ಬಳಿ ಇದ್ದ ನೋಟುಗಳಿಗೆ ಜನ ಮುಗಿಬೀಳುವ ದೃಶ್ಯವನ್ನು ನಾಲ್ಕು ವಾಕ್ಯದಲ್ಲಿ, ಒಂದೂ ವಿಶೇಷಣ ಹಾಕದೆ ಬರೆಯಿರಿ. ‘ಅಮಾನವೀಯ’, ‘ಹೃದಯವಿದ್ರಾವಕ’ ಎಂದು ಕೈ ತಾನಾಗಿ ಬರೆಯಲು ಹೊರಟರೆ ತಡೆಯಿರಿ. ಹೆಣ ಎಲ್ಲಿದೆ, ಕೈಗಳು ಎಲ್ಲಿವೆ ಎಂದಷ್ಟೇ ಹೇಳಿದರೆ ಓದುವವರಿಗೆ ತಾನಾಗಿಯೇ ಕಸಿವಿಸಿಯಾಗುತ್ತದೆ.

ಪ್ರಶ್ನೆ: ‘ತಿಥಿ’ ಚಿತ್ರ ನೋಡಿ ಪಟ್ಟಣದ ಸ್ನೇಹಿತರು ಬಿದ್ದು ಬಿದ್ದು ನಕ್ಕರು. ನಮ್ಮ ಕಡೆಯ ಜನರನ್ನು, ನಮ್ಮ ಸಾವಿನ ಶಾಸ್ತ್ರವನ್ನು ಗೇಲಿ ಮಾಡಿದಂತೆ ನನಗೆ ಅನ್ನಿಸಿತು. ಇದನ್ನು ತೀರ್ಮಾನಿಸುವುದು ಹೇಗೆ? (ಮಂಡ್ಯದ ಓದುಗರು)

ಉತ್ತರ: ನಿಮ್ಮ ಕಸಿವಿಸಿಯನ್ನು ಬದಿಗೆ ತಳ್ಳಬೇಡಿ, ಅದೇ ಒಳ್ಳೆಯ ವಿಮರ್ಶೆಯ ಮೊದಲ ಪ್ಯಾರಾ. ಆದರೆ ಸ್ನೇಹಿತರು ನಕ್ಕದ್ದು ಬೇರೆ, ಚಿತ್ರ ನಗಿಸಿದ್ದು ಬೇರೆ. ಇವೆರಡನ್ನೂ ಬಿಡಿಸಿ ನೋಡಿ.

ರಾಮ್ ರೆಡ್ಡಿ ನಿರ್ದೇಶನದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, 2016ರಲ್ಲಿ ನಮ್ಮಲ್ಲಿ ತೆರೆಕಂಡಿತು. ಚಿತ್ರಕಥೆಯಲ್ಲಿ ಈರೇಗೌಡರು ಜೊತೆಗಿದ್ದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಆಸುಪಾಸಿನ ಜನರೇ ಪಾತ್ರ ಮಾಡಿದರು. ಈ ಮಾಹಿತಿಯಿಂದ ಗೇಲಿಯ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ಊರಿನವರೇ ನಟಿಸಿದರೂ ಕ್ಯಾಮೆರಾ ಅವರನ್ನು ಕೀಳಾಗಿ ನೋಡಬಹುದು. ಹಾಗಾಗಿ ಪ್ರತಿ ದೃಶ್ಯದಲ್ಲೂ ಕೇಳಿಕೊಳ್ಳಿ: ಇಲ್ಲಿ ನಡೆಯುತ್ತಿರುವುದು ಪಾತ್ರಕ್ಕೆ ಗೊತ್ತಿದೆಯೇ, ನೋಡುವವರಿಗೆ ಮಾತ್ರ ಗೊತ್ತಿದೆಯೇ?

ನೂರೊಂದು ವರ್ಷದ ಸೆಂಚುರಿ ಗೌಡ ಆರಂಭದಲ್ಲೇ ದಾರಿಹೋಕರನ್ನೆಲ್ಲ ಬಯ್ದು, ಆಮೇಲೆ ಸಾಯುತ್ತಾನೆ. ಬಯ್ಯುವ ಸುಖ ಅವನದೇ, ನಾವು ಅವನ ಜೊತೆಗೂಡಿ ನಗುತ್ತೇವೆ. ಮೊಮ್ಮಗ ತಮ್ಮಣ್ಣ ಜಮೀನು ಮಾರಬೇಕೆಂದು, ಬದುಕಿರುವ ಅಪ್ಪ ಗಡ್ಡಪ್ಪನ ಹೆಸರಿಗೆ ಮರಣ ಪತ್ರ ಮಾಡಿಸಲು ಓಡಾಡುತ್ತಾನೆ. ಅಲ್ಲಿ ನಗು ಬೀಳುವುದು ಮನುಷ್ಯ ಎದುರಿಗೇ ತಿರುಗಾಡುತ್ತಿದ್ದರೂ ಕಾಗದ ಹೇಳಿದ್ದನ್ನೇ ನಂಬುವ ವ್ಯವಸ್ಥೆಯ ಮೇಲೆ, ತಮ್ಮಣ್ಣನ ಆತುರದ ಮೇಲೆ. ತಿಥಿಯ ಶಾಸ್ತ್ರವನ್ನು ಚಿತ್ರ ಅಣಕಿಸುವುದಿಲ್ಲ. ಊರವರಿಗೆಲ್ಲ ಊಟ ಹಾಕುವ ಖರ್ಚು ತಮ್ಮಣ್ಣನ ಹೆಗಲಿಗೆ ಎಷ್ಟು ಭಾರ ಎಂದು ಲೆಕ್ಕಸಮೇತ ತೋರಿಸುತ್ತದೆ. ನಮ್ಮ ತೀರ್ಮಾನದಲ್ಲಿ ಇದು ಗೇಲಿ ಅಲ್ಲ. ನಿಮ್ಮ ಪಟ್ಟಿಯಲ್ಲಿ ‘ಪಾತ್ರಕ್ಕೆ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು’ ಎಂಬ ದೃಶ್ಯಗಳೇ ಹೆಚ್ಚಾಗಿ ಬಂದರೆ, ಅವುಗಳನ್ನು ಹೆಸರಿಸಿ ನಮ್ಮನ್ನು ಒಪ್ಪದೆ ಬರೆಯಿರಿ.

ಭಾಷೆಯ ಬಗ್ಗೆ ಒಂದು ಮಾತು. ಈ ಚಿತ್ರದ ಹಾಸ್ಯ ಮಂಡ್ಯದ ಬೈಗುಳದ ಲಯದಲ್ಲಿದೆ. ಸಬ್‌ಟೈಟಲ್ ಓದಿ ನಕ್ಕವರಿಗೆ ಬೈಗುಳ ಸಿಕ್ಕಿತು, ಅದರೊಳಗಿನ ಸಲುಗೆ ಸಿಗಲಿಲ್ಲ. ಬಹುಶಃ ನಿಮ್ಮ ಸ್ನೇಹಿತರ ನಗು ನಿಮಗೆ ಚುಚ್ಚಿದ್ದು ಇದಕ್ಕೇ. ಉದ್ಧರಿಸುವಾಗ ಮಾತನ್ನು ಗ್ರಂಥಭಾಷೆಗೆ ತಿದ್ದಬೇಡಿ, ಕಿವಿಗೆ ಬಿದ್ದ ಹಾಗೆಯೇ ಬರೆಯಿರಿ. ಬೇರೆ ಭಾಷೆಯ ಚಿತ್ರವನ್ನು ಸಬ್‌ಟೈಟಲ್ ನಂಬಿ ನೋಡಿದ್ದರೆ ಅದನ್ನೂ ವಿಮರ್ಶೆಯಲ್ಲಿ ಒಂದು ಸಾಲಿನಲ್ಲಿ ತಿಳಿಸಿ.

ಪ್ರಶ್ನೆ: ‘ಚೆರ್ನೋಬಿಲ್’ ಸರಣಿಯ ಬಗ್ಗೆ ಬರೆಯುತ್ತಿದ್ದೇನೆ. ಅಂತರ್ಜಾಲದಲ್ಲಿ ಅದರ ತಪ್ಪುಗಳ ಉದ್ದುದ್ದ ಪಟ್ಟಿಗಳಿವೆ. ಅವನ್ನೆಲ್ಲ ಸೇರಿಸಬೇಕೇ? ನಾಟಕ ಎಂದಮೇಲೆ ಸ್ವಾತಂತ್ರ್ಯ ಇರುತ್ತದಲ್ಲವೇ? (ಧಾರವಾಡದ ಓದುಗರು)

ಉತ್ತರ: ಸ್ವಾತಂತ್ರ್ಯ ಇದೆ. ಯಾವುದಕ್ಕಾಗಿ ಅದನ್ನು ಬಳಸಿದರು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳುವುದು ನಿಮ್ಮ ಕೆಲಸ. ಕರಾಳ ಹಾಸ್ಯದಲ್ಲಿ ನಗು ಯಾರ ಮೇಲೆ ಬಿತ್ತು ಎಂದು ಕೇಳಿದ ಹಾಗೆ, ಇಲ್ಲಿ ಬದಲಾವಣೆ ಯಾರ ಮೇಲೆ ಬಿತ್ತು ಎಂದು ಕೇಳಬೇಕು.

2019ರ ಈ ಸರಣಿಗೆ ಐದು ಕಂತುಗಳು. ಬರೆದವರು ಕ್ರೇಗ್ ಮೇಜಿನ್, ನಿರ್ದೇಶಕರು ಯೋಹಾನ್ ರೆಂಕ್. ನೋಡುವ ಮುಂಚೆಯೇ ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದಿಟ್ಟುಕೊಳ್ಳಿ: 1986ರ ಏಪ್ರಿಲ್ 26ರ ನಸುಕಿನಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ಸ್ಫೋಟ, ಆಗಸ್ಟಿನಲ್ಲಿ ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ತಜ್ಞರ ಮುಂದೆ ಸೋವಿಯತ್ ವಿಜ್ಞಾನಿ ಲೆಗಾಸೊವ್ ಅವರ ವರದಿ, 1987ರ ಜುಲೈನಲ್ಲಿ ಸ್ಥಾವರದ ಅಧಿಕಾರಿಗಳ ವಿಚಾರಣೆ. ನೋಡಿದ ಮೇಲೆ ಈ ಕೆಲಸಕ್ಕೆ ಕೂತರೆ ತೆರೆಯ ಮೇಲಿನ ಕ್ರಮವೇ ನಿಜವೆಂದು ತಲೆಯಲ್ಲಿ ಕೂತುಬಿಡುತ್ತದೆ.

ಆಮೇಲೆ ಸಿಕ್ಕ ವ್ಯತ್ಯಾಸಗಳನ್ನು ತೂಗಿ. ಹೆಲಿಕಾಪ್ಟರ್ ಬೀಳುವ ದೃಶ್ಯ ಸರಣಿಯಲ್ಲಿ ಮೊದಲ ದಿನಗಳಲ್ಲೇ ಬರುತ್ತದೆ. ನಿಜವಾಗಿ ಅದು ಬಿದ್ದದ್ದು 1986ರ ಅಕ್ಟೋಬರ್ 2ರಂದು, ಕ್ರೇನಿನ ಕೇಬಲ್ಲಿಗೆ ರೆಕ್ಕೆ ತಾಗಿ. ತಾರೀಖು ಮುಂದೆ ಬಂದದ್ದಕ್ಕಿಂತ, ನೋಡುವವರು ಅದನ್ನು ವಿಕಿರಣದ ಕೆಲಸವೆಂದು ತಿಳಿಯುವುದು ಹೆಚ್ಚು ಚಿಂತೆಯ ವಿಷಯ. ಉಲಾನಾ ಖೊಮ್ಯುಕ್ ಎಂಬ ವಿಜ್ಞಾನಿ ಇರಲಿಲ್ಲ. ಹಲವು ವಿಜ್ಞಾನಿಗಳ ಪರವಾಗಿ ಕಟ್ಟಿದ ಪಾತ್ರ ಅದು ಎಂದು ಕೊನೆಯ ಬರಹದಲ್ಲಿ ಸರಣಿ ಮಾಡಿದವರೇ ಹೇಳಿದ್ದಾರೆ. ಒಂದು ವಾಕ್ಯ ಸಾಕು, ಮುಂದೆ ಹೋಗಿ. ವಿಚಾರಣೆಯಲ್ಲಿ ಲೆಗಾಸೊವ್ ಕೆಂಪು, ನೀಲಿ ಫಲಕಗಳನ್ನಿಟ್ಟು ಸ್ಫೋಟವನ್ನು ವಿವರಿಸುತ್ತಾರೆ. ಅವರು ಆ ವಿಚಾರಣೆಗೆ ಹೋಗಿರಲೇ ಇಲ್ಲ. ಆದರೂ ರಿಯಾಕ್ಟರಿನ ಕೆಲಸವನ್ನು ಸಾಮಾನ್ಯ ವೀಕ್ಷಕರಿಗೆ ಅಷ್ಟು ತಿಳಿಯಾಗಿ ಹೇಳಿದ ಟಿವಿ ದೃಶ್ಯ ಅಪರೂಪ. ಈ ಬದಲಾವಣೆಯನ್ನು ನಾವು ಒಪ್ಪುತ್ತೇವೆ.

ಒಪ್ಪಲಾಗದವು ಬೇರೆ ಇವೆ. ಕರಗಿದ ಇಂಧನ ಕೆಳಗಿನ ನೀರಿಗೆ ತಾಗಿದರೆ ಮೆಗಾಟನ್ ಲೆಕ್ಕದ ಸ್ಫೋಟ ಆಗುತ್ತದೆ ಎಂದು ಸರಣಿಯಲ್ಲಿ ಎಚ್ಚರಿಸುತ್ತಾರೆ. ಮೆಗಾಟನ್ ಎನ್ನುವುದು ಹೈಡ್ರೋಜನ್ ಬಾಂಬಿನ ಅಳತೆ, ಆವಿಯ ಸ್ಫೋಟಕ್ಕೆ ಅಷ್ಟು ಬಲ ಬರಲು ಸಾಧ್ಯವಿಲ್ಲ. ಅಗ್ನಿಶಾಮಕ ದಳದ ಇಗ್ನಾಟೆಂಕೊ ಮತ್ತು ಅವನ ಗರ್ಭಿಣಿ ಹೆಂಡತಿಯ ಕಥೆಯಲ್ಲಿ ರೋಗಿಯ ಮೈಯೇ ಮುಟ್ಟಿದವರಿಗೆ ಅಪಾಯ ಎಂಬ ಭಾವನೆ ಗಟ್ಟಿಯಾಗಿ ಉಳಿಯುತ್ತದೆ. ಬಟ್ಟೆ ತೆಗೆದು ಮೈ ತೊಳೆದ ಮೇಲೆ ಅಂಥ ರೋಗಿಯಿಂದ ಪಕ್ಕದವರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ. ಹೀಗೆ ತಪ್ಪು ತಿಳಿದ ಜನ ನಾಳೆ ನಿಜವಾದ ರೋಗಿಯನ್ನು ದೂರ ಇಟ್ಟಾರು. ಇದನ್ನು ವಿಮರ್ಶೆಯಲ್ಲಿ ಬಿಡಲೇಬಾರದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತಪ್ಪು ಯಾರದು ಎನ್ನುವುದು. ಅಂತರರಾಷ್ಟ್ರೀಯ ಪರಮಾಣು ಸುರಕ್ಷತಾ ಸಲಹಾ ತಂಡದ 1986ರ ವರದಿ ಮುಖ್ಯವಾಗಿ ಸ್ಥಾವರದ ಸಿಬ್ಬಂದಿಯನ್ನು ದೂರಿತ್ತು. 1992ರ ವರದಿ ಆ ತೂಕವನ್ನು ರಿಯಾಕ್ಟರಿನ ವಿನ್ಯಾಸದ ಕಡೆಗೆ ಸರಿಸಿತು. ರಿಯಾಕ್ಟರಿನ ಶಕ್ತಿಯನ್ನು ಹತೋಟಿಯಲ್ಲಿಡುವ ನಿಯಂತ್ರಣ ದಂಡಗಳ ತುದಿಯಲ್ಲಿದ್ದ ಗ್ರಾಫೈಟ್, ತುರ್ತಾಗಿ ನಿಲ್ಲಿಸುವ ಗುಂಡಿ ಒತ್ತಿದ ಮೊದಲ ಕ್ಷಣಗಳಲ್ಲಿ ಶಕ್ತಿಯನ್ನು ತಗ್ಗಿಸುವ ಬದಲು ಏರಿಸಬಲ್ಲದಾಗಿತ್ತು. ಸರಣಿ ಇದನ್ನು ಕೊನೆಯ ಕಂತಿನಲ್ಲಿ ಸರಿಯಾಗಿಯೇ ಹೇಳುತ್ತದೆ. ಆದರೆ ಕಣ್ಣಿಗೆ ಅಂಟಿಕೊಳ್ಳುವುದು ಡ್ಯಾಟ್ಲೊವ್ ಎಂಬ ಮೇಲಧಿಕಾರಿಯ ಕಿರುಚಾಟ. ಮಾತು ವಿನ್ಯಾಸವನ್ನು ದೂರುತ್ತದೆ, ದೃಶ್ಯ ಒಬ್ಬ ದುಷ್ಟನನ್ನು ದೂರುತ್ತದೆ. ನಿಮ್ಮ ವಿಮರ್ಶೆಯ ಬೆನ್ನೆಲುಬನ್ನು ಇದರ ಮೇಲೆ ಕಟ್ಟಿ. ಬಕೆಟ್ಟು, ಕಿಟಕಿ, ಕಾರಿನ ಮಾದರಿಗಳ ತಪ್ಪುಗಳಿಗೆ ಜಾಗ ಬೇಡ.

ಇನ್ನೊಂದನ್ನು ಗಮನಿಸಿ. ಹೊಸ ಸೂಟು ತೊಟ್ಟು ಬಂದ ಕಲ್ಲಿದ್ದಲು ಸಚಿವನ ಭುಜವನ್ನು ಗಣಿ ಕೆಲಸಗಾರರು ಒಬ್ಬೊಬ್ಬರಾಗಿ ತಟ್ಟಿ, ಮಸಿ ಬಳಿದು ಹೋಗುತ್ತಾರೆ. ದುಃಖದ ಸರಣಿಯೊಳಗೆ ಕೂತ ಕರಾಳ ಹಾಸ್ಯ ಅದು, ನಗು ಬಿದ್ದದ್ದು ಅಧಿಕಾರದ ಮೇಲೆ. ಮೂರು ಕಾಲಂನ ಪಟ್ಟಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಎಷ್ಟು ಕಂತು ನೋಡಿ ಬರೆಯಬಹುದು? ಸ್ಟಾರ್ ಕೊಡಬೇಕೇ? (ಬೆಂಗಳೂರಿನ ಓದುಗರು)

ಉತ್ತರ: ಐದಾರು ಕಂತಿನ ಸರಣಿಯಾದರೆ ಪೂರ್ತಿ ನೋಡಿ. ‘ಚೆರ್ನೋಬಿಲ್’ ಮೊದಲ ಎರಡು ಕಂತಿಗೇ ನಿಲ್ಲಿಸಿದವರಿಗೆ ವಿನ್ಯಾಸದ ದೋಷದ ಮಾತೇ ತಲುಪುವುದಿಲ್ಲ. ಉದ್ದದ ಸರಣಿಯ ಬಗ್ಗೆ ಅರ್ಧದಲ್ಲೇ ಬರೆಯಬೇಕಾದರೆ ಎಷ್ಟು ಕಂತು ನೋಡಿದ್ದೀರಿ ಎಂದು ಮೊದಲ ಪ್ಯಾರಾದಲ್ಲೇ ಹೇಳಿ. ಸ್ಟಾರ್ ಕೇಳುವ ಪತ್ರಿಕೆಗೆ ಕೊಡಿ, ಕೇಳದಿದ್ದರೆ ಬೇಡ. ಬರೆದು ಮುಗಿಸಿದ ಮೇಲೆಯೇ ಅದನ್ನು ನಿರ್ಧರಿಸಿ, ಮೊದಲೇ ಕೊಟ್ಟರೆ ಬರಹ ಅದನ್ನು ಸಮರ್ಥಿಸಲು ಓಡುತ್ತದೆ. ಎಂಟುನೂರು ಪದದ ವಿಮರ್ಶೆಯಲ್ಲಿ ಕಥೆಗೆ ನೂರಿಪ್ಪತ್ತು ಪದ ಮೀರದಿರಲಿ, ಎರಡು ದೃಶ್ಯಗಳ ಬಿಡಿಸುವಿಕೆಗೆ ಮುನ್ನೂರೈವತ್ತು ಇರಲಿ.

ಪ್ರಶ್ನೆ: ‘ನಿಜ ಘಟನೆ ಆಧಾರಿತ’, ‘ಇದು ಕಾಲ್ಪನಿಕ’ ಎಂಬ ಆರಂಭದ ಬರಹಗಳನ್ನು ಎಷ್ಟು ನಂಬಬಹುದು? (ಮೈಸೂರಿನ ಓದುಗರು)

ಉತ್ತರ: ಅವನ್ನು ಚಿತ್ರದ ಮೊದಲ ದೃಶ್ಯವೆಂದೇ ತಿಳಿದು ವಿಮರ್ಶಿಸಿ. ಕೋಯೆನ್ ಸಹೋದರರ 1996ರ ‘ಫಾರ್ಗೋ’ ತೆರೆದುಕೊಳ್ಳುವುದೇ ಇದು 1987ರಲ್ಲಿ ಮಿನೆಸೋಟಾದಲ್ಲಿ ನಡೆದ ನಿಜ ಕಥೆ ಎಂಬ ಬರಹದಿಂದ. ಹಾಗೆ ನಡೆದಿರಲಿಲ್ಲ, ಆ ಬರಹವೂ ಕಟ್ಟುಕಥೆಯ ಭಾಗ. ಅದನ್ನು ನಂಬಿ ಕೂತವರಿಗೆ ಅಲ್ಲಿನ ಕೊಲೆಗಳ ನಡುವೆ ನಗಲು ಮೊದಮೊದಲು ಹಿಂಜರಿಕೆಯಾಗುತ್ತದೆ. ಆ ಹಿಂಜರಿಕೆಯೇ ಚಿತ್ರಕ್ಕೆ ಬೇಕಿತ್ತು.

ಇದಕ್ಕೆ ತಿರುಗುಮುರುಗಾದ ಉದಾಹರಣೆ ನಿಮ್ಮ ಊರಿನ ನಂಟಿನದೇ. 1990ರಲ್ಲಿ ದೂರದರ್ಶನದಲ್ಲಿ ಶುರುವಾದ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿತ್ತು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತದ್ದು ಇದರ ಚಿತ್ರೀಕರಣದಲ್ಲೇ. ಟಿಪ್ಪುವಿನ ಚಿತ್ರಣದ ಬಗ್ಗೆ ವಿವಾದ ಎದ್ದ ಮೇಲೆ, ಇದು ಕಾದಂಬರಿಯ ನಾಟಕ ರೂಪ, ಟಿಪ್ಪುವಿನ ಬದುಕಿಗೂ ಆಳ್ವಿಕೆಗೂ ಸಂಬಂಧವಿಲ್ಲದ ಕಲ್ಪನೆ ಎಂಬ ಒಕ್ಕಣೆಯೊಂದಿಗೆ ಅದು ಪ್ರಸಾರವಾಯಿತು. ಇಂಥ ಒಕ್ಕಣೆ ಕಂಡಾಗ ಮೂರು ವಿಷಯ ಪತ್ತೆಮಾಡಿ: ಅದನ್ನು ಹಾಕಲು ಕಾರಣ ಏನು, ಮೊದಲ ಕಂತಿನಿಂದಲೇ ಇತ್ತೇ ಅಥವಾ ಆಮೇಲೆ ಸೇರಿತೇ, ತೆರೆಯ ಮೇಲೆ ಎಷ್ಟು ಸೆಕೆಂಡು ಉಳಿಯುತ್ತದೆ. ಕೊನೆಯದನ್ನು ಗಡಿಯಾರ ಹಿಡಿದೇ ನೋಡಿ. ಕನ್ನಡ ಓದಲು ಈಗಷ್ಟೇ ಕಲಿಯುತ್ತಿರುವ ಮಗು ಗಟ್ಟಿಯಾಗಿ ಓದಿ ಮುಗಿಸುವಷ್ಟು ಹೊತ್ತು ಅದು ನಿಲ್ಲದಿದ್ದರೆ, ಅದನ್ನೂ ವಿಮರ್ಶೆಯಲ್ಲಿ ದಾಖಲಿಸಿ.